ಎಡಟೈರಿನ ಹೊರ ಅಂಚು

ಕಾರಿನ ಮುಂದಿನ ಎಡಟೈರಿನ ಹೊರ ಅಂಚು ಒಳ ಅಂಚಿಗಿಂತ ಬೇಗ ಸವೆಯುತ್ತದೆ ಎಂಬ ಗಂಭೀರ ಸಂಗತಿಯನ್ನು ಮನುಷ್ಯಕುಲ ಇನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಹಚ್ಚಿಕೊಂಡವನು ಸದ್ಯಕ್ಕೆ ಒಬ್ಬನೇ. ಅವನು ಆ ಭಾನುವಾರ ಬೆಳಿಗ್ಗೆ ರೇಸ್ ಟ್ರ್ಯಾಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿ, ಮಂಡಿಗಳ ಕೆಳಗೆ ಮನೆಯಿಂದ ತಂದ ಹಳೆಯ ದಿಂಬು ಹಾಕಿಕೊಂಡು, ಹೆಂಡತಿಯ ಕೆಂಪು ಕಾರಿನ ಮುಂದೆ ತಲೆಬಾಗಿ ಕೂತಿದ್ದ. ದೂರದಿಂದ ನೋಡಿದವರಿಗೆ ಕ್ಷಮೆ ಕೇಳುತ್ತಿರುವಂತೆ ಕಾಣುತ್ತಿದ್ದನೇನೋ. ಕೆಲಸ ಮಾತ್ರ ಸರಳ. ಟ್ರ್ಯಾಕು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ದೊಡ್ಡ ತಿರುವುಗಳೆಲ್ಲ ಬಲಕ್ಕೆ. ಕಾರು ಬಲಕ್ಕೆ ತಿರುಗಿದಾಗೆಲ್ಲ ಅದರ ಭಾರ ಎಡಕ್ಕೆ ವಾಲಿ ಮುಂದಿನ ಎಡಟೈರಿನ ಭುಜದ ಮೇಲೆ ಬೀಳುತ್ತದೆ. ಉಳಿದ ಮೂರು ಟೈರುಗಳು ಹೆಚ್ಚುಕಡಿಮೆ ಮದುವೆಗೆ ಬಂದ ನೆಂಟರು. ಗಾಳಿ ಕಮ್ಮಿಯಾದರೆ ಟೈರು ಮಡಚಿಕೊಂಡು ಅಂಚಿನ ಮೇಲೇ ನಡೆಯುತ್ತದೆ, ಹೆಚ್ಚಾದರೆ ನಡು ಉಬ್ಬಿ ನಡುವೇ ತೇಯುತ್ತದೆ. ಓಡಿದ ಬಿಸಿಗೆ ಗಾಳಿ ತಾನೇ ಏರುವುದರಿಂದ ಬೆಳಿಗ್ಗೆ ಕೊಂಚ ಕಮ್ಮಿ ತುಂಬಬೇಕು, ಕಾರು ಒಳಗೆ ಬಂದ ಕೂಡಲೇ ಬಿಸಿಬಿಸಿಯಲ್ಲೇ ಅಳೆದು ಹೆಚ್ಚಾದದ್ದನ್ನು ಬಿಡಬೇಕು. ಇಷ್ಟನ್ನು ನೋಡಿಕೊಳ್ಳಲು ಒಬ್ಬ ಗಂಡ ಸಾಕು.

ಅಂಗೈಯನ್ನು ರಬ್ಬರಿನ ಮೇಲೆ ಒಂದು ದಿಕ್ಕಿಗೆ ಸವರಿದ: ನುಣುಪು. ಹಿಂದಕ್ಕೆ ಸವರಿದ: ಎರಡು ದಿನದ ಗಡ್ಡ. ಈ ತರಿ ಅವನಿಗೆ ಇಷ್ಟ. ಅವಳು ಯಾವ ತಿರುವಿನಲ್ಲಿ ಆತುರಪಟ್ಟಳು, ಎಲ್ಲಿ ಸ್ಟೀರಿಂಗನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುವಿದಳು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ; ಅವಳು ಬಾಯಿಬಿಟ್ಟು ಹೇಳದ್ದನ್ನು ಅವನು ಅಂಗೈಯಿಂದ ತಿಳಿದುಕೊಳ್ಳುತ್ತಿದ್ದ. ಆಮೇಲೆ ಕ್ಯಾನ್ವಾಸ್ ಶೂಗೆ ಹಚ್ಚುವ ಬಿಳಿ ಪಾಲಿಶ್ ತೆಗೆದು ಟೈರಿನ ಅಂಚಿನಿಂದ ಪಕ್ಕೆಯವರೆಗೆ ಅಲ್ಲಲ್ಲಿ ಗೀಟು ಎಳೆದ. ಕಾರು ಓಡಿ ಬಂದಾಗ ಗೀಟು ಎಲ್ಲಿಯವರೆಗೆ ಅಳಿಸಿರುತ್ತದೋ ಅಲ್ಲಿಯವರೆಗೆ ಟೈರು ಮಗುಚಿ ನೆಲ ಮುಟ್ಟಿದೆ ಎಂದು ಅರ್ಥ. ಅಷ್ಟರಲ್ಲಿ ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ಯಾವ ಕೆಲಸಕ್ಕೂ ಕೈಹಾಕದೆ ಎಲ್ಲ ಕೆಲಸಕ್ಕೂ ಮಾತು ಸೇರಿಸುವವನು, ಕಾರಿಗೆ ಒರಗಿ ನಿಂತು ಕೇಳಿದ:

"ಏನ್ ಭಾವ, ಟೈರಿಗೂ ಮೇಕಪ್ಪಾ? ಅಕ್ಕನಿಗೆ ಯಾವತ್ತಾದ್ರೂ ಇಷ್ಟು ಪ್ರೀತಿಯಿಂದ ಏನಾದ್ರೂ ಹಚ್ಚಿದ್ದೀರಾ?"

"ನಿಮ್ಮಕ್ಕ ಅಷ್ಟು ಹೊತ್ತು ಒಂದ್ಕಡೆ ನಿಲ್ಲಲ್ಲ."

"ನಿಲ್ಲೋ ಹಾಗಿದ್ರೆ ನೀವು ಹಚ್ತಾ ಇದ್ರಾ ಅನ್ನೋದು ಪ್ರಶ್ನೆ."

ಶೆಡ್ಡಿನಲ್ಲಿ ಅವನಿಗೆ ಗಾಳಿ ಸಾಹೇಬ್ರು ಎಂದು ಹೆಸರು ಬಿದ್ದಿತ್ತು. ಅದನ್ನು ಪ್ರೀತಿಯಿಂದಲೇ ಕರೆಯುತ್ತಾರೆಂದು ಹೆಂಡತಿ ಹೇಳುತ್ತಿದ್ದಳು. ಆದರೆ ಭಾಷೆಯಲ್ಲಿ ಗಾಳಿಗೆ ಅಂಟಿಕೊಂಡ ಮಾತುಗಳಲ್ಲಿ ಒಂದೂ ಅಷ್ಟು ಮರ್ಯಾದಸ್ಥವಲ್ಲ ಎಂಬುದು ಅವನಿಗೆ ಗೊತ್ತಿತ್ತು: ಗಾಳಿಮಾತು, ಗಾಳಿಗೋಪುರ, ಗಾಳಿ ಬಂದ ಕಡೆ ತೂರಿಕೊಳ್ಳುವವನು. ಹೆಸರಿಟ್ಟವರು ಮೇಷ್ಟ್ರು. ಟ್ರ್ಯಾಕಿನಲ್ಲಿ ಓಡಿಸುವುದನ್ನು ಕಲಿಸುವವರು, ಎಲ್ಲರಿಗೂ ಮೇಷ್ಟ್ರೇ. ಬಿಸಿಲಿಗೆ ಬೆಂದ ಮುಖ, ಮಾತಾಡುವಾಗ ಎದುರಿನವರ ಭುಜ ಹಿಡಿದುಕೊಳ್ಳುವ ಅಭ್ಯಾಸ. ಈ ಕಾರು ಕೊಂಡ ಹೊಸದರಲ್ಲಿ ಅವನೂ ಒಮ್ಮೆ ಓಡಿಸಿದ್ದ, ಪಕ್ಕದಲ್ಲಿ ಮೇಷ್ಟ್ರು. ಎಲ್ಲರೂ ಅವನನ್ನು ದಾಟಿಕೊಂಡು ಹೋದರು, ಆಂಬುಲೆನ್ಸಿನವನೊಬ್ಬನನ್ನು ಬಿಟ್ಟು. ಇಳಿದ ಮೇಲೆ ಮೇಷ್ಟ್ರು ಭುಜ ಹಿಡಿದು, "ಬಹಳ ಚೆನ್ನಾಗಿ ಓಡಿಸ್ತೀರಿ ಸಾರ್. ಹಿಂದಿನ ಸೀಟಲ್ಲಿ ಮಗು ಮಲಗಿದ್ರೂ ಏಳಲ್ಲ" ಎಂದಿದ್ದರು. ಆ ಕಾರಿಗೆ ಹಿಂದಿನ ಸೀಟೇ ಇರಲಿಲ್ಲ. ಹೆಂಡತಿ ನಕ್ಕಿದ್ದಳು, ಆಮೇಲೆ ಹೆಲ್ಮೆಟ್ಟು ತೊಟ್ಟು ತಾನು ಹೋಗಿ, ವಾಪಸು ಬಂದಾಗ ಅವಳ ಮುಖ ಅವನು ಯಾವತ್ತೂ ಕಾಣದಷ್ಟು ಕೆಂಪಾಗಿತ್ತು. ಯಾವತ್ತೂ ಅಂದರೆ ಯಾವತ್ತೂ. ಅವತ್ತೇ ಅವನು ಗಾಳಿ ಅಳೆಯುವ ಮೀಟರು ಕೊಂಡದ್ದು.

ಇವತ್ತು ಮಾತ್ರ ಮೀಟರಿನ ಮುಳ್ಳೂ ಅವನ ಮನಸ್ಸೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನದ ಕೊನೆಯ ಸರದಿಯಲ್ಲಿ ಯಾರ ಸುತ್ತು ಎಲ್ಲರಿಗಿಂತ ಬೇಗ ಮುಗಿಯುತ್ತದೋ ಅವರಿಗೆ ಮೇಷ್ಟ್ರ ತಂಡದ ಕಾರಿನಲ್ಲಿ ಸೀಟು. ಮುಂದಿನ ವರ್ಷವಿಡೀ ಊರೂರಿನ ಟ್ರ್ಯಾಕುಗಳಲ್ಲಿ, ನಿಜವಾದ ರೇಸುಗಳಲ್ಲಿ. ಕಣದಲ್ಲಿ ಉಳಿದವರು ಇಬ್ಬರೇ: ಅವಳು, ಮತ್ತು ಹಳದಿ ಕಾರಿನ ಬೇಕರಿಯವನು. ಬೆಳಿಗ್ಗೆ ಬಂದ ಕೂಡಲೇ ಅವಳ ಗಂಡ ಮೇಷ್ಟ್ರನ್ನು, ಸುಮ್ಮನೆ ಕೇಳುವವನ ಹಾಗೆ, ಕೇಳಿದ್ದ: "ನಿಮ್ಮ ತಂಡದಲ್ಲಿ ಟೈರು ಯಾರು ನೋಡ್ಕೋತಾರೆ?"

"ಅದಕ್ಕೇ ಅಂತ ಜನ ಇದ್ದಾರೆ ಸಾರ್. ಲಾರಿ ಇದೆ, ಟೈರಿಗೆ ಹೊದಿಸೋಕೆ ಕರೆಂಟ್ ಕಂಬಳಿ ಇದೆ. ನೀವು ಆರಾಮಾಗಿ ಮೇಲೆ ಗ್ಯಾಲರಿಯಲ್ಲಿ ಕೂತು ನೋಡಬಹುದು."

ನೋಡಬಹುದು. ನೋಡುವುದೇ ಅವನ ಉದ್ಯೋಗ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಎಕ್ಸ್‌ರೇ ನೋಡಿ ರಿಪೋರ್ಟು ಬರೆಯುವ ಡಾಕ್ಟರು ಅವನು. ಕಪ್ಪಿನ ಮೇಲೆ ಬಿಳಿ ಕಂಡರೆ ಅದು ಏನೆಂದು ಹೇಳುವುದಕ್ಕೆ ಅವನಿಗೆ ಸಂಬಳ. ಅವನು ಎಂದೂ ಏನೆಂದು ಹೇಳುತ್ತಿರಲಿಲ್ಲ. ಇರಬಹುದು, ಇಲ್ಲದೆಯೂ ಇರಬಹುದು, ರೋಗಿಯನ್ನು ಪರೀಕ್ಷಿಸಿ ನಿರ್ಧರಿಸುವುದು ಒಳಿತು. ಇದೇ ಮೂರು ಮಾತಿನಲ್ಲಿ ಅವನ ಯೌವನ ಕಳೆದಿತ್ತು. ಅವಳು ಮೂರನೆಯ ಮಹಡಿಯಲ್ಲಿ ಮೂಳೆ ಡಾಕ್ಟರು, ಕತ್ತರಿಸಿ ಮೊಳೆ ಹೊಡೆಯುವವಳು. ತಿಂಗಳಿಗೊಮ್ಮೆ ಎಲ್ಲ ಡಾಕ್ಟರುಗಳು ಸೇರುವ ಸಭೆಯಲ್ಲಿ ಯಾರೋ ಅವನ ರಿಪೋರ್ಟು ಓದತೊಡಗಿದಾಗ ಅವಳು, "ರಿಪೋರ್ಟ್ ಇರ್ಲಿ ಬಿಡಿ, ಫಿಲ್ಮ್ ತೋರಿಸಿ" ಎಂದಿದ್ದಳು. ಎಲ್ಲ ಮೂಳೆ ಡಾಕ್ಟರುಗಳೂ ಹಾಗೇ ಹೇಳುವುದು, ಅದರಲ್ಲಿ ತಪ್ಪೇನೂ ಇರಲಿಲ್ಲ. ಅವನು ಎರಡನೆಯ ಸಾಲಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿದ, ತೆಗೆದು ಹಾಕಿದ. ರಾತ್ರಿ ಊಟಕ್ಕೆ ಕೂತಾಗ ಅವಳು ಆ ಮಾತು ಮರೆತೇಬಿಟ್ಟಿದ್ದಳು. ಅವನು ಮರೆತಂತೆ ಕಾಣುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದ. ಟೈರಿನ ವಿಷಯದಲ್ಲಿ ಮಾತ್ರ ಅವಳು ಅವನ ಮಾತು ಮೀರುತ್ತಿರಲಿಲ್ಲ. ಹೋಗಬೇಡ ಅಂದರೆ ಇಲ್ಲ, ಇನ್ನು ಎರಡು ಸುತ್ತು ಅಂದರೆ ಎರಡೇ ಸುತ್ತು. ವಾರದಲ್ಲಿ ಆರು ದಿನ ಅವಳು ಮೂರನೆಯ ಮಹಡಿ, ಅವನು ನೆಲಮಾಳಿಗೆ. ಏಳನೆಯ ದಿನ ಅವನು ನೆಲದ ಮೇಲೆ ಮಂಡಿಯೂರಿದಾಗ ಲೆಕ್ಕ ಸರಿಹೋಗುತ್ತಿತ್ತು.

ಕಾರು ಒಳಗೆ ಬಂತು. ಊಟಕ್ಕೆ ಮುಂಚಿನ ಸರದಿ ಮುಗಿದಿತ್ತು. ಬ್ರೇಕಿನ ಸುಟ್ಟ ವಾಸನೆ, ರಬ್ಬರಿನ ಬಿಸಿ, ಅವಳ ಹೆಲ್ಮೆಟ್ಟಿನೊಳಗಿನ ಉಸಿರು. ಅವನು ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿ, ಮೀಟರು ಹಚ್ಚಿ ಗಾಳಿ ಬಿಡತೊಡಗಿದ. ಸುಂಯ್ ಎಂಬ ಆ ಸದ್ದು ಅವನಿಗೆ ಯಾವಾಗಲೂ ಸಮಾಧಾನ ಕೊಡುತ್ತಿತ್ತು. ಹಿಂದೆ ಮೇಷ್ಟ್ರು, ಭಾವಮೈದುನ, ಕೈಯಲ್ಲಿ ಬನ್ನು ಹಿಡಿದ ಬೇಕರಿಯವನು ಬಂದು ನಿಂತದ್ದು ನೆರಳಿನಿಂದ ತಿಳಿಯಿತು.

"ಇನ್ನೂ ಕೊಂಚ ಧೈರ್ಯವಾಗಿ ಹೋಗಬೇಕಮ್ಮ ಆ ಉದ್ದ ತಿರುವಲ್ಲಿ" ಎಂದರು ಮೇಷ್ಟ್ರು. "ಸೆಕೆಂಡು ಉಳಿಯೋದೇ ಅಲ್ಲಿ. ಅಲ್ಲಿ ಆಕ್ಸಿಲರೇಟರಿಂದ ಕಾಲು ಎತ್ತದೆ ಇದ್ರೆ ಈ ಬನ್ನಿನವನ ಕೈಗೆ ನೀವು ಸಿಗಲ್ಲ."

"ಟೈರು ಸವೆಯುತ್ತೆ ಅಂತ ಇವರು…" ಎಂದಳು ಅವಳು.

"ಸಾರ್, ಟೈರು ಇರೋದೇ ಸವೆಯೋಕೆ. ನೀವು ಅದನ್ನ ಒಗೆದು ಇಸ್ತ್ರಿ ಮಾಡಿ ಬೀರುವಿನಲ್ಲಿ ಇಡ್ತೀರಲ್ಲ!"

ನಕ್ಕರು. ಭಾವಮೈದುನ ನಕ್ಕ, ಬೇಕರಿಯವನು ಬನ್ನು ಬಾಯಲ್ಲಿಟ್ಟುಕೊಂಡೇ ನಕ್ಕ. ಅದೆಲ್ಲ ಇರಲಿ. ಹೆಲ್ಮೆಟ್ಟಿನೊಳಗೆ ಅವಳ ಮುಖ ಕಾಣುತ್ತಿರಲಿಲ್ಲ, ಆದರೆ ಅವಳ ಭುಜಗಳು ಎರಡು ಸಲ ಕುಲುಕಿದವು. ಅದನ್ನು ಅವನು ನೋಡಿದ. ನೋಡಿ ಮುಖ ತಗ್ಗಿಸಿದಾಗ ಟೈರಿನ ಹೊರ ಅಂಚಿನಲ್ಲಿ ಬಿಳಿಯದೊಂದು ಎಳೆ ಕಂಡಿತು. ಸಣ್ಣದು, ಬಾಗಿದ್ದು, ತುಂಡುತುಂಡಾದದ್ದು. ಟೈರಿನ ರಬ್ಬರು ಪೂರ್ತಿ ಸವೆದು ಒಳಗಿನ ನೇಯ್ಗೆ ಹೊರಗೆ ಕಾಣುವುದಕ್ಕೆ ಅಲ್ಲಿಯವರು ನೂಲು ಬರುವುದು ಎನ್ನುತ್ತಾರೆ. ನೂಲು ಬಂದ ಟೈರು ಯಾವ ತಿರುವಿನಲ್ಲಿ ಬೇಕಾದರೂ ಒಡೆಯಬಹುದು. ಇರಬಹುದು, ಇಲ್ಲದೆಯೂ ಇರಬಹುದು ಎಂಬ ವಾಕ್ಯ ನಾಲಗೆಯ ತುದಿಯಲ್ಲಿ ಎಂದಿನಂತೆ ಸಿದ್ಧವಾಗಿತ್ತು. ಅವನು ಅದನ್ನು ನುಂಗಿಕೊಂಡ.

"ನೂಲು ಬಂದಿದೆ" ಎಂದ.

ನಗು ನಿಂತಿತು. ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯವಾಯಿತು. ಭಾವಮೈದುನ ಬಗ್ಗಿ, "ಹೌದು, ಬೆಳ್ಳಗೆ ಏನೋ ಇದೆ" ಎಂದ. ಅವಳು ಹೆಲ್ಮೆಟ್ಟು ತೆಗೆದಳು. ಕೂದಲು ಹಣೆಗೆ ಅಂಟಿತ್ತು.

"ಖಂಡಿತಾನಾ?"

"ನೂರಕ್ಕೆ ನೂರು."

ಮೇಷ್ಟ್ರು ಬಗ್ಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವನು ಅವರ ಮೇಲೂ ಸಿಟ್ಟಾಗಲು ಪ್ರಯತ್ನಿಸಿದ. "ಟೈರಿನ ವಿಷಯದಲ್ಲಿ ಸಾಹೇಬ್ರು ತಪ್ಪಿದ್ದು ನಾನು ನೋಡಿಲ್ಲ" ಎಂದು ಅವರು ಕೈ ಒರೆಸಿಕೊಂಡರು. "ಹಾಗಿದ್ರೆ ಇವತ್ತಿಗೆ ಇಷ್ಟೇ ಅಮ್ಮ. ನೂಲು ಬಂದ ಟೈರಲ್ಲಿ ನಾನು ಬಿಡಲ್ಲ. ಬೇರೆ ಇದೆಯಾ?" ಬೇರೆ ಇರಲಿಲ್ಲ, ಇದ್ದದ್ದು ಮನೆಯಲ್ಲಿ, ರಸ್ತೆಯ ಟೈರು. ಬೇಕರಿಯವನು "ಛೆ, ಛೆ" ಎಂದ, ನಿಜವಾಗಿಯೇ ಬೇಜಾರಾದವನ ಹಾಗೆ. ಒಳ್ಳೆಯ ಮನುಷ್ಯ, ಅವನನ್ನು ದ್ವೇಷಿಸುವುದಕ್ಕೂ ಕಷ್ಟಪಡಬೇಕಿತ್ತು. ಎಲ್ಲರೂ ಕ್ಯಾಂಟೀನಿನ ಕಡೆಗೆ ನಡೆದರು. ಅವಳೂ.

ಒಬ್ಬನೇ ಉಳಿದ ಮೇಲೆ ಅವನು ಕನ್ನಡಕವನ್ನು ಕಣ್ಣಿಗೆ ಇಳಿಸಿದ. ಹೆಬ್ಬೆರಳಿನಿಂದ ಆ ಎಳೆಯನ್ನು ಒರೆಸಿದ. ಎಳೆ ಹೋಯಿತು, ಹೆಬ್ಬೆರಳು ಬೆಳ್ಳಗಾಯಿತು. ಪಾಲಿಶ್. ಬೆಳಿಗ್ಗೆ ತಾನೇ ಎಳೆದ ಗೀಟು, ಬಿಸಿಗೆ ಕರಗಿ, ರಬ್ಬರಿನ ತರಿಗಳ ನಡುವೆ ಹೊಸೆದುಕೊಂಡು ದಾರದಂತೆ ಆಗಿತ್ತು. ಅವನು ಇನ್ನೊಂದು ಕಡೆ ಒರೆಸಿದ, ಮತ್ತೊಂದು ಕಡೆ. ಆಮೇಲೆ ಚಿಂದಿ ಬಟ್ಟೆ ತೆಗೆದುಕೊಂಡು ಟೈರಿನ ಸುತ್ತಲೂ ಒರೆಸಿದ, ಯಾವ ಗುರುತೂ ಉಳಿಯದ ಹಾಗೆ. ಹಾಗೆ ಏಕೆ ಮಾಡಿದೆನೆಂದು ಕೇಳಿಕೊಳ್ಳುವಷ್ಟರಲ್ಲಿ ಒರೆಸಿ ಆಗಿತ್ತು. ಕೆಳಗೆ ಇದ್ದದ್ದು ಒಳ್ಳೆಯ, ಕಪ್ಪು, ಆರೋಗ್ಯವಾದ ರಬ್ಬರು. ಇನ್ನೊಂದು ಭಾನುವಾರವನ್ನು ಆರಾಮವಾಗಿ ತಡೆಯುವ ಟೈರು. ಅವನು ಇಷ್ಟು ವರ್ಷ ಬರೆದ ರಿಪೋರ್ಟುಗಳಲ್ಲಿ ಇರಬಹುದು, ಇಲ್ಲದೆಯೂ ಇರಬಹುದು ಎಂದದ್ದೆಲ್ಲ ಸರಿಯಾಗಿತ್ತು. ಒಮ್ಮೆ, ಒಂದೇ ಒಂದು ಸಲ ಖಂಡಿತ ಎಂದ, ಅದು ಶೂ ಪಾಲಿಶ್. ಅವನಿಗೆ ನಗು ಬಂತು, ಆ ನಗು ಎಲ್ಲಿಗೂ ಹೋಗದೆ ಮೂಗಿನಲ್ಲೇ ಉಳಿಯಿತು. ಹೋಗಿ ಹೇಳಬೇಕು. ತಪ್ಪಾಯಿತು ಎಂದರೆ ಆಯಿತು. ಮೇಷ್ಟ್ರು ಭುಜ ಹಿಡಿದು ಏನೋ ಅನ್ನುತ್ತಾರೆ, ಎಲ್ಲರೂ ಇನ್ನೊಮ್ಮೆ ನಗುತ್ತಾರೆ, ಅವಳು ಹೋಗುತ್ತಾಳೆ, ಸೀಟು ಅವಳದು, ಅವನದು ಗ್ಯಾಲರಿ. ಕ್ಯಾಂಟೀನಿನ ಗಾಜಿನಾಚೆ ಅವಳು ಟೀ ಲೋಟವನ್ನು ಎರಡೂ ಕೈಯಿಂದ ಹಿಡಿದು, ಕುಡಿಯದೆ, ಕೂತಿದ್ದಳು. ಅವಳ ಅಪ್ಪ ತೀರಿಹೋದ ದಿನ ಹೀಗೇ ಕೂತಿದ್ದಳು. ಅವನು ಪಕ್ಕದಲ್ಲಿ ನಿಂತು ಏನು ಹೇಳಬೇಕೆಂದು ತಿಳಿಯದೆ ಫ್ಯಾನಿನ ವೇಗ ಹೆಚ್ಚು ಮಾಡಿದ್ದ. ಹೇಳುತ್ತೇನೆ, ಈಗ ಹೋಗಿ ಹೇಳುತ್ತೇನೆ ಎಂದುಕೊಂಡ. ಮೀಟರನ್ನು ಅದರ ಚೀಲಕ್ಕೆ ಹಾಕಿದ. ಚೀಲದ ಜಿಪ್ಪು ಎಳೆದ. ತೆಗೆದು ಇನ್ನೊಮ್ಮೆ ಎಳೆದ. ಅಷ್ಟರಲ್ಲಿ ಅವಳೇ ಎದ್ದು ಬಂದಳು.

"ಒಂದು ಮಾತು ಕೇಳ್ಲಾ?" ಎಂದಳು. ಶೆಡ್ಡಿನಲ್ಲಿ ಅವರಿಬ್ಬರೇ. "ಇಲ್ಲ ಅನ್ನಬಾರದು."

"ನಾನೂ ಒಂದು ಹೇಳೋದಿತ್ತು."

"ನನ್ನದು ಮೊದಲು. ಮೇಷ್ಟ್ರ ಹತ್ರ ಹೋಗಿ ಹೇಳು, ಇನ್ನೊಂದ್ಸಲ ನೋಡಿದೆ, ನೂಲಲ್ಲ ಅಂತ."

"ಏನು?"

"ಬೆಳಿಗ್ಗೆ ಬಿಳಿ ಪಾಲಿಶ್ ಹಚ್ತೀಯಲ್ಲ. ಅದನ್ನೇ ನೋಡಿ ನೂಲು ಅಂದ್ಕೊಂಡೆ ಅಂತ ಹೇಳು. ನಂಬ್ತಾರೆ. ನೀನು ಹೇಳಿದ್ರೆ ನಂಬ್ತಾರೆ."

ಅವನ ಕಿವಿಯಲ್ಲಿ ಗಾಳಿ ಬಿಟ್ಟ ಸದ್ದಾಯಿತು. "ಅದು ನಿಜವಾಗಿ…"

"ಸುಳ್ಳು ಅಂತ ಗೊತ್ತು ಕಣೋ. ನಿನಗೆ ಸುಳ್ಳು ಬರಲ್ಲ ಅಂತಲೂ ಗೊತ್ತು. ಇದೊಂದು ಸಲ, ನನಗೋಸ್ಕರ."

"ನೂಲು ಬಂದ ಟೈರಲ್ಲಿ ಹೋಗ್ತೀಯಾ?" ಎಂದ ಅವನು. ಕೇಳಿದ್ದು ತನ್ನ ಬಾಯೇ. ಎಷ್ಟು ಸಹಜವಾಗಿ ಬಂತು ಆ ಪ್ರಶ್ನೆ, ಗಂಡನ ಕಾಳಜಿಯೆಲ್ಲ ತುಂಬಿಕೊಂಡು.

"ನಾಲ್ಕೈದು ಸುತ್ತು ತಾನೆ. ಆ ಉದ್ದ ತಿರುವಲ್ಲಿ ಕಾಲು ತೆಗೀತೀನಿ. ಬಾಕಿ ಕಡೆ ಹಿಂಡ್ತೀನಿ."

"ಒಮ್ಮೆ ನೀನೇ ನೋಡು."

"ಬೇಡಪ್ಪ. ನೋಡಿದ್ರೆ ಹೆದರಿಕೆ ಆಗುತ್ತೆ. ನೀನು ನೋಡಿದ್ದೀಯಲ್ಲ, ಸಾಕು."

ಫಿಲ್ಮ್ ತೋರಿಸಿ ಎನ್ನುವವಳು. ಮದುವೆಯಾದಾಗಿನಿಂದ ಅವನು ಕಾದಿದ್ದ ಮಾತು ಇದು, ಬಂದದ್ದು ಹೀಗೆ. ಅವಳು ಅವನ ಕೈ ಹಿಡಿದುಕೊಂಡಳು. ಹೆಬ್ಬೆರಳಿನ ಬಿಳುಪು ಅವಳ ಅಂಗೈಯೊಳಗೆ ಮುಚ್ಚಿಹೋಯಿತು. ಈಗ ಹೇಳಿದರೂ ಏನಾಗುತ್ತದೆ ಎಂದು ಯೋಚಿಸಿದ: ನಿಜವಾಗಿಯೂ ಪಾಲಿಶ್ ಕಣೇ ಎಂದರೆ, ಎಷ್ಟು ಚೆನ್ನಾಗಿ ಹೇಳ್ತೀಯ, ಹೀಗೇ ಹೇಳು ಅಂದಾಳು. ಈ ನೆಪ ತನಗೆ ಎಷ್ಟು ಒಪ್ಪುತ್ತದೆಂದು ಅವನಿಗೆ ಒಳಗೊಳಗೇ ಅಸಹ್ಯವಾಯಿತು. ಟೈರು ಅಲ್ಲೇ ಇತ್ತು, ತೋಳಿನಷ್ಟು ದೂರದಲ್ಲಿ. ಅವಳ ತಲೆಯನ್ನು ಹಿಡಿದು ಬಗ್ಗಿಸಿ ತೋರಿಸಬಹುದಿತ್ತು. ಅವನು "ಸರಿ" ಎಂದ.

ಕ್ಯಾಂಟೀನಿನಲ್ಲಿ ಮೇಷ್ಟ್ರ ಮೇಜಿನ ಸುತ್ತ ಎಲ್ಲರೂ ಇದ್ದರು. ಅವನು ನಿಂತು, ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ತಪ್ಪಾಯ್ತು. ಅದು ನೂಲಲ್ಲ. ನಾನು ಹಚ್ಚಿದ ಪಾಲಿಶ್. ಕನ್ನಡಕ ಇರಲಿಲ್ಲ" ಎಂದ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಧ್ವನಿ ನಡುಗಿತು, ಕಿವಿ ಬಿಸಿಯಾಯಿತು. ಸುಳ್ಳು ಹೇಳುವವನ ಎಲ್ಲ ಲಕ್ಷಣಗಳೂ ತಾವಾಗಿಯೇ ಬಂದವು. ಬಾಗಿಲ ಹತ್ತಿರ ನಿಂತಿದ್ದ ಅವಳು ಅದನ್ನೆಲ್ಲ ನೋಡಿ, ನಂಬಿ, ಕಣ್ಣು ತಗ್ಗಿಸಿದಳು.

ಮೇಷ್ಟ್ರು ಒಂದು ಕ್ಷಣ ಅವನ ಮುಖ ನೋಡಿ ಮೇಜು ಬಡಿದು ನಕ್ಕರು. "ಗಾಳಿ ಸಾಹೇಬ್ರೂ ಜಾರಿದ್ರಾ! ಶೂ ಪಾಲಿಶ್ ನೋಡಿ ಶವಯಾತ್ರೆ ಹೊರಡಿಸಿದ್ರಲ್ಲ ಸಾರ್!"

"ಭಾವ, ಸೋಮವಾರ ಆಸ್ಪತ್ರೆಯಲ್ಲಿ ಸ್ವಲ್ಪ ನೋಡ್ಕೊಂಡು ಬರೀರಿ" ಎಂದ ಭಾವಮೈದುನ. "ಯಾರದ್ದೋ ಎದೆಯಲ್ಲಿ ಅಂಗಿ ಗುಂಡಿ ಕಂಡ್ರೆ ಗೆಡ್ಡೆ ಅಂತ ಬರೆದುಬಿಟ್ಟೀರಿ."

ಬೇಕರಿಯವನೂ ನಕ್ಕ, ನಕ್ಕು ಅವನಿಗೊಂದು ಬನ್ನು ಕೊಟ್ಟ. ಅವನು ತೆಗೆದುಕೊಂಡ. ಮೇಷ್ಟ್ರು ಟೈರನ್ನು ನೋಡಲು ಎದ್ದು ಬಂದರು, ಬಗ್ಗಿ ಅಂಚಿನ ಸುತ್ತ ಬೆರಳಾಡಿಸಿ, "ಕಲ್ಲಿನ ಹಾಗಿದೆಯಲ್ಲ! ಹೊರಡಿ ಅಮ್ಮ" ಎಂದರು. ಅವಳು ಆ ಹೊತ್ತಿಗಾಗಲೇ ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಕೂತು ಬೆಲ್ಟು ಬಿಗಿದುಕೊಳ್ಳುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಅವಳು ಗಂಡನ ಕಡೆ ತಿರುಗಿ, ಎಲ್ಲ ಸರಿಹೋಯಿತಲ್ಲ ಎಂಬಂತೆ ಹೆಬ್ಬೆರಳೆತ್ತಿದಳು. ಅವನೂ ಎತ್ತಿದ.

ಕೊನೆಯ ಸರದಿಯ ಹೊತ್ತು ಅವನು ತಂತಿಬೇಲಿಯ ಹತ್ತಿರ ನಿಂತ. ಉದ್ದ ತಿರುವು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಕೆಂಪು ಕಾರು ಬಂತು, ಬಲಕ್ಕೆ ತಿರುಗಬೇಕಾದ ಜಾಗದಲ್ಲಿ ಎಂಜಿನ್ನಿನ ಸದ್ದು ಒಂದು ಮೆಟ್ಟಿಲು ಇಳಿಯಿತು. ಅವಳು ಕಾಲು ತೆಗೆದಿದ್ದಳು. ಹಳದಿ ಕಾರು ಬಂತು. ಅದರ ಸದ್ದು ಇಳಿಯಲಿಲ್ಲ. ಮತ್ತೆ ಕೆಂಪು, ಮತ್ತೆ ಇಳಿದ ಸದ್ದು. ಆ ಕಾರಿನ ಗಾಜಿನ ಹಿಂದೆ, ಈಗ ಒಡೆಯುತ್ತದೆ ಈಗ ಒಡೆಯುತ್ತದೆ ಎಂದು ಹಲ್ಲುಕಚ್ಚಿಕೊಂಡು ಸ್ಟೀರಿಂಗು ಹಿಡಿದ ಅವಳ ಕೈಗಳು ಅವನಿಗೆ ಕಾಣುವಂತಿದ್ದವು. ಮೂಳೆ ಕತ್ತರಿಸುವಾಗ ನಡುಗದ ಕೈಗಳು. ಅವನು ಬೇಲಿಯನ್ನು ಹಿಡಿದುಕೊಂಡ. ಆಗ ತಾನು ಯಾವುದಕ್ಕೋ ಕಿವಿಗೊಟ್ಟು ಕಾಯುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂತು. ಮೊದಲು ಎಂಜಿನ್ನಿನ ಸದ್ದು ಎಂದುಕೊಂಡ. ಅಲ್ಲ. ಢಮ್ ಎಂಬ ಇನ್ನೊಂದು ಸದ್ದಿಗಾಗಿ ಅವನು ಕಾಯುತ್ತಿದ್ದ. ಟೈರು ಗಟ್ಟಿಯಾಗಿದೆಯೆಂದು ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅವನು, ಅದು ಒಡೆಯಲಿ ಎಂದು, ಒಂದೇ ಒಂದು ಸಲ ಒಡೆದು ತನ್ನ ಮಾತು ನಿಜವಾಗಲಿ ಎಂದು, ಮೈಯೆಲ್ಲ ಕಿವಿಯಾಗಿ ನಿಂತಿದ್ದ. ಒಳಗೆ ಅವಳಿದ್ದಾಳೆ ಎಂಬುದು ನೆನಪಿತ್ತು. ಅವಳಿಗೆ ಏನೂ ಆಗದ ಹಾಗೆ ಒಡೆಯಲಿ ಎಂದು ತಿದ್ದಿಕೊಂಡ. ತಿದ್ದಿಕೊಂಡ ಮೇಲೂ ಕಾಯುವುದು ನಿಲ್ಲಲಿಲ್ಲ. ಕೈಯಲ್ಲಿದ್ದ ಬನ್ನು ಯಾವಾಗಲೋ ಮುಷ್ಟಿಯೊಳಗೆ ಹಿಟ್ಟಾಗಿತ್ತು.

ಬಾವುಟ ಬೀಸಿದರು. ಕಾರುಗಳು ಒಳಗೆ ಬಂದವು. ಅವಳು ಇಳಿದು ಹೆಲ್ಮೆಟ್ಟು ತೆಗೆದಳು. ಮುಖ ಬಿಳಿಚಿಕೊಂಡಿತ್ತು, ಕೆಂಪಿರಲಿಲ್ಲ. ಹಲಗೆಯ ಮೇಲೆ ಬರೆದ ಸಮಯ ನೋಡಿ ಬಂದವಳು ಮೇಷ್ಟ್ರನ್ನೂ ತಮ್ಮನನ್ನೂ ದಾಟಿ ನೇರ ಅವನ ಹತ್ತಿರ ನಡೆದು ಬಂದಳು. ಅವನು ಅಭ್ಯಾಸಬಲದಿಂದ ಮಂಡಿಯೂರಿ ಮೀಟರು ಹಚ್ಚಿದ್ದ.

"ನೀನು ಹೇಳಿದ್ದು ಒಳ್ಳೇದಾಯ್ತು" ಎಂದಳು. "ಆ ತಿರುವಲ್ಲಿ ಪ್ರತಿ ಸಲ ಕಾಲು ತೆಗೆದೆ. ಇಲ್ಲದಿದ್ರೆ ಏನಾಗ್ತಿತ್ತೋ."

ನಾಲ್ಕು ಜನರ ಎದುರಿಗೆ ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಮೇಷ್ಟ್ರು, ಏನಮ್ಮ ಅದು, ಯಾಕೆ ಕಾಲು ತೆಗೆದ್ರಿ ಎಂದು ಕೇಳುತ್ತಿದ್ದರು. ಅವಳು ಬಗ್ಗಿ, ಬಿಸಿಲಿಗೆ ಕಾದಿದ್ದ ಗಂಡನ ನೆತ್ತಿಯ ಮೇಲೆ ಕೈಯಿಟ್ಟಳು. ಅವನು ಗಾಳಿ ಅಳೆದ. ಅಳತೆ ಸರಿಯಾಗಿತ್ತು.

ಬೇಕರಿಯವನ ಸುತ್ತು ಅವಳದ್ದಕ್ಕಿಂತ ಕಣ್ಣು ಮಿಟುಕಿಸುವಷ್ಟು ಬೇಗ ಮುಗಿದಿತ್ತು. ಸೀಟು ಅವನಿಗೆ ಹೋಯಿತು.